ಸವೆದದ್ದಲ್ಲ, ಮಡಚಿದ್ದು: ಡಿ2 ಬೇಟೆ ಚಾಕುಗಳ ಒಂದು ಪ್ರಕರಣ

ಇಪ್ಪತ್ತು ಬೇಟೆ ಚಾಕುಗಳು. ಉಕ್ಕು ಡಿ2 (ಉಪಕರಣಗಳಿಗೆ ಬಳಸುವ ಗಡಸು ಉಕ್ಕು), ಅಲಗಿನ ಉದ್ದ 100 ಮಿ.ಮೀ., ಬೆನ್ನಿನ ದಪ್ಪ 3.5 ಮಿ.ಮೀ. ಸಾಣೆಯ ಇಳಿಜಾರು ಶುರುವಾಗುವಲ್ಲಿ ದಪ್ಪ 0.7 ಮಿ.ಮೀ., ಬಾಯಿಯ ಕೋನ ಒಂದೊಂದು ಬದಿಗೆ 22 ಡಿಗ್ರಿ. ಕುಲುಮೆಗೆ ಹತ್ತತ್ತರಂತೆ ಎರಡು ಸಲ ಹಾಕಿ ಹದಗೊಳಿಸಿದ್ದು. ಬಳಸಿದವರ ದೂರು ಒಂದೇ: ಒಂದು ಕಾಡುಹಂದಿಯ ತೊಗಲು ಸುಲಿದು ಮುಗಿಯುವ ಮೊದಲೇ ಚಾಕು ಮೊಂಡು. ತಯಾರಕರು ತಕ್ಷಣ ತೆಗೆದುಕೊಂಡ ತೀರ್ಮಾನವೂ ಊಹಿಸಬಹುದಾದದ್ದೇ: ಡಿ2 ಬೇಗ ಸವೆಯುತ್ತಿದೆ, ಇನ್ನೂ ಸವೆತ ತಡೆಯುವ ಉಕ್ಕು ಬೇಕು, ಮುಂದಿನ ಸಲ ಸಿಪಿಎಂ 10ವಿ ತರಿಸೋಣ.

ಇದು ಯಾವುದೋ ಒಂದು ಕಾರ್ಯಾಗಾರದ ಕಥೆಯಲ್ಲ. ಬೇಟೆ ಚಾಕು ಮಾಡುವವರಲ್ಲಿ ಮತ್ತೆ ಮತ್ತೆ ಎದುರಾಗುವ ತಪ್ಪುಗಳನ್ನು ಬಿಡಿಸಿ ನೋಡಲು ಒಂದೇ ಪ್ರಕರಣವಾಗಿ ಕಟ್ಟಿಕೊಂಡದ್ದು. ಆ ತೀರ್ಮಾನ ಯಾಕೆ ತಪ್ಪು ಎನ್ನುವುದೇ ಇದರ ತಿರುಳು.

ಮೊಂಡು ಎಂದರೆ ಯಾವ ಮೊಂಡು?

ಚಾಕುವಿನ ಬಾಯಿ ಹೋಗುವುದು ಮೂರು ರೀತಿಯಲ್ಲಿ. ಒಂದು, ನಿಜವಾದ ಸವೆತ: ತುದಿ ಉಜ್ಜಿ ಉಜ್ಜಿ ದುಂಡಾಗುತ್ತದೆ. ಎರಡು, ಮಡಚುವುದು: ಉಕ್ಕು ಮೆತ್ತಗಿದ್ದರೆ ತುದಿ ಒಂದು ಪಕ್ಕಕ್ಕೆ ಬಾಗಿ ಕೂರುತ್ತದೆ. ಮೂರು, ಚಕ್ಕೆ ಏಳುವುದು: ತುದಿ ಸಣ್ಣ ಸಣ್ಣ ತುಂಡುಗಳಾಗಿ ಮುರಿದು ಬೀಳುತ್ತದೆ. ಕೈಯಲ್ಲಿ ಹಿಡಿದು ಕೊಯ್ಯುವವನಿಗೆ ಮೂರೂ ಒಂದೇ, 'ಹರಿತ ಹೋಯಿತು'. ಉಕ್ಕು ಆರಿಸುವವನಿಗೆ ಮಾತ್ರ ಮೂರಕ್ಕೂ ಮೂರು ಬೇರೆ ಮದ್ದು. ಹೆಚ್ಚು ಕಾರ್ಬೈಡ್ (ಲೋಹ, ಇಂಗಾಲ ಸೇರಿ ಆಗುವ ಬಲು ಗಡಸು ಸಂಯುಕ್ತ) ಇರುವ ಉಕ್ಕು ಮೊದಲನೆಯದಕ್ಕೆ ಮದ್ದು. ಎರಡನೆಯದಕ್ಕೆ ಅದರಿಂದ ಏನೂ ಆಗದು, ಮೂರನೆಯದು ಅದರಿಂದ ಉಲ್ಬಣಿಸುತ್ತದೆ.

ಗುರುತು ಹಿಡಿಯುವುದು ಕಷ್ಟವಲ್ಲ. ಉಗುರನ್ನು ಇಳಿಜಾರಿನಿಂದ ಬಾಯಿಯ ಕಡೆಗೆ, ಎರಡೂ ಬದಿಯಲ್ಲಿ ಹಗುರವಾಗಿ ಎಳೆದರೆ ಮಡಚಿದ ಬಾಯಿ ಒಂದೇ ಬದಿಯಲ್ಲಿ ತಡೆಯುತ್ತದೆ. ದೀಪದ ಕೆಳಗೆ ಬಾಯಿಯನ್ನು ಕಣ್ಣಿಗೆ ನೇರ ಹಿಡಿದರೆ ಹರಿತವಾದ ಕಡೆ ಹೊಳಪು ಕಾಣುವುದಿಲ್ಲ, ಹೋದ ಕಡೆ ಬೆಳ್ಳನೆ ಗೆರೆ ಕಾಣುತ್ತದೆ. ಆ ಗೆರೆಯನ್ನು 40ರಿಂದ 60 ಪಟ್ಟು ಹಿಗ್ಗಿಸುವ ಕೈಮಸೂರದಲ್ಲಿ ನೋಡಬೇಕು. ನಯವಾಗಿ ದುಂಡಾಗಿದ್ದರೆ ಸವೆತ, ಹಲ್ಲುಹಲ್ಲಾಗಿ ಒಡೆದಿದ್ದರೆ ಚಕ್ಕೆ.

ಇಲ್ಲಿ ಕಂಡದ್ದು: ಮೊದಲ ಹತ್ತರಲ್ಲಿ ಹೊಟ್ಟೆಭಾಗದುದ್ದಕ್ಕೂ ಮಡಿಕೆ. ಎರಡನೆಯ ಹತ್ತರಲ್ಲಿ, ಕೀಲು ಬಿಡಿಸುವಾಗ ಬಳಕೆಯಾಗುವ ಹಿಡಿಯ ಹತ್ತಿರದ ಭಾಗದಲ್ಲಿ, ಚಕ್ಕೆ. ಒಂದು ಚಾಕುವಿನಲ್ಲೂ ಸವೆತದ ನಯವಾದ ಪಟ್ಟಿ ಇರಲಿಲ್ಲ. ಸವೆಯುವಷ್ಟು ಹೊತ್ತು ಆ ಬಾಯಿಗಳು ಉಳಿದೇ ಇರಲಿಲ್ಲ. 10ವಿ ತರಿಸುವ ವಾದ ಇಲ್ಲಿಗೇ ಬಿದ್ದುಹೋಗುತ್ತದೆ.

ಬೆಲ್ಟಿನ ಮೇಲೆ ಸುಟ್ಟ ಬಾಯಿ

ಮೊದಲ ಪರೀಕ್ಷೆಗೆ ಖರ್ಚಿಲ್ಲ. ಪ್ರತಿ ಗುಂಪಿನಿಂದ ಎರಡೆರಡು ಚಾಕು ತೆಗೆದು, ನೀರು ಹಾಕಿದ ಕಲ್ಲಿನ ಮೇಲೆ ಕೈಯಿಂದಲೇ ಮಸೆದು, ಬಾಯಿಯಿಂದ ಅರ್ಧ ಮಿ.ಮೀ.ಯಷ್ಟು ಉಕ್ಕು ಪೂರ್ತಿ ತೆಗೆದು, ಹೊಸ ಬಾಯಿ ಕಟ್ಟಿ ಮತ್ತೆ ಕೊಯ್ದು ನೋಡುವುದು. ಮೊದಲ ಗುಂಪಿನವು ಸ್ವಲ್ಪ ಸುಧಾರಿಸಿದವು. ಅಂದರೆ ತುದಿಯ ಉಕ್ಕು ಒಳಗಿನ ಉಕ್ಕಿಗಿಂತ ಮೆತ್ತಗಿತ್ತು. ಕೊನೆಯ ಬಾಯಿಯನ್ನು ಒಣ ಬೆಲ್ಟಿನ ಮೇಲೆ ಕಟ್ಟಿದ್ದರ ಫಲ ಅದು. ಹೊಸ ಚಾಕು ಚೆನ್ನಾಗಿಲ್ಲ, ನಾಲ್ಕು ಸಲ ಮಸೆದ ಮೇಲೆ ಚೆನ್ನಾಗಿದೆ ಎಂದು ಯಾರಾದರೂ ಹೇಳಿದರೆ ಮೊದಲ ಅನುಮಾನ ಇದರ ಮೇಲೇ ಇರಲಿ.

ಬಾಯಿಯ ತುದಿಗೆ ದ್ರವ್ಯವೇ ಇಲ್ಲ, ಬಿಸಿಯನ್ನು ಹೀರಿಕೊಳ್ಳಲು ಹಿಂದೆ ಏನೂ ಇಲ್ಲ. ಅಲಗು ಕೈಗೆ ಬೆಚ್ಚಗಷ್ಟೇ ಇರುವಾಗ ತುದಿ ಟೆಂಪರ್ ಮಾಡಿದ (ಕಾಯಿಸಿ ತಣಿಸಿದ ಮೇಲೆ ಪೆಡಸು ತಗ್ಗಿಸಲು ಮತ್ತೆ ಮಿತವಾಗಿ ಕಾಯಿಸಿದ) 200 ಡಿಗ್ರಿಯನ್ನು ದಾಟಿಹೋಗಿರುತ್ತದೆ. ಬಣ್ಣ ನೋಡಿ ಎಚ್ಚರವಾಗುತ್ತೇವೆ ಎನ್ನುವವರು ಡಿ2ನಲ್ಲಿ ಮೋಸಹೋಗುತ್ತಾರೆ. ಸಾದಾ ಇಂಗಾಲದ ಉಕ್ಕಿಗೆ ಒಣಹುಲ್ಲಿನ ಬಣ್ಣ ಬರುವ ಶಾಖದಲ್ಲಿ 12 ಶೇಕಡಾ ಕ್ರೋಮಿಯಂ ಇರುವ ಉಕ್ಕು ಬೆಳ್ಳಗೇ ಇರುತ್ತದೆ. ಬಣ್ಣ ಕಂಡಾಗ ಹದ ಹೋಗಿ ಬಹಳ ಹೊತ್ತಾಗಿರುತ್ತದೆ, ಆ ಬಣ್ಣವನ್ನೂ ಮುಂದಿನ ಬೆಲ್ಟ್ ಅಳಿಸಿಬಿಡುತ್ತದೆ. ಹದವಾದ ಮೇಲೆ ಹೊಸ ಬೆಲ್ಟ್, ಕಡಿಮೆ ವೇಗ, ಕೈಗವಸಿಲ್ಲದ ಬೆರಳು, ಪ್ರತಿ ಎಳೆತಕ್ಕೂ ನೀರು. ಕೊನೆಯ ಬಾಯಿ ಮಾತ್ರ ಯಾವಾಗಲೂ ನೀರಿನ ಕಲ್ಲಿನ ಮೇಲೆ.

ಆದರೆ ಸುಧಾರಿಸಿದ್ದು ಅಷ್ಟಿಷ್ಟೇ. ಅರ್ಧ ಮಿ.ಮೀ. ತೆಗೆದ ಮೇಲೂ ಬಾಯಿ ಮಡಚುತ್ತಿತ್ತು, ಮಸೆಯುವಾಗ ತುದಿಯಲ್ಲಿ ಏಳುವ ಉಕ್ಕಿನ ತೆಳು ಎಳೆ ಕಲ್ಲಿನಿಂದ ಕಲ್ಲಿಗೆ ಆ ಕಡೆ ಈ ಕಡೆ ಹೊರಳುತ್ತಿತ್ತೇ ಹೊರತು ಉದುರುತ್ತಿರಲಿಲ್ಲ. ಈ ಹಟಮಾರಿ ಎಳೆಯೇ ಮುಂದಿನ ಸುಳಿವು.

60 ಎಂಬ ಅಂಕಿಯ ಹಿಂದೆ

ಕುಲುಮೆಯ ದಾಖಲೆ ಹೀಗಿತ್ತು. ಮೊದಲ ಗುಂಪು: ಕುಲುಮೆಯ ತಾಪ ತೋರಿಸುವ ಪ್ರದರ್ಶಕದಲ್ಲಿ 1010 ಡಿಗ್ರಿ, ಒಂದು ಗಂಟೆ, ಗಾಳಿಯಲ್ಲಿ ತಣಿಸಿದ್ದು. ತಣಿದ ಮೇಲೆ 60 ರಾಕ್‌ವೆಲ್ ಸಿ (ಗಡಸಿನ ಅಳತೆ). 200 ಡಿಗ್ರಿಯಲ್ಲಿ ಎರಡು ಸಲ ಟೆಂಪರ್, ಕೊನೆಗೆ 58. ಕಡಿಮೆಯಾಯಿತೆಂದು ಎರಡನೆಯ ಗುಂಪಿಗೆ ಶಾಖ ಏರಿಸಿ 1040 ಇಟ್ಟರು. ತಣಿದ ಮೇಲೆ 57 ಬಂತು, ಇನ್ನೂ ಕಡಿಮೆ. ಗಾಬರಿಯಾಗಿ 520 ಡಿಗ್ರಿಯಲ್ಲಿ ಎರಡು ಗಂಟೆ, ಒಂದೇ ಒಂದು ಸಲ ಟೆಂಪರ್ ಮಾಡಿದರು. ಅಂಕಿ 60ಕ್ಕೆ ಏರಿತು. ಎಲ್ಲ ಸರಿಹೋಯಿತೆಂದು ಹಿಡಿ ಹಾಕಿದರು.

ಡಿ2ನಲ್ಲಿ ಸುಮಾರು 1.5 ಶೇಕಡಾ ಇಂಗಾಲ, 12 ಶೇಕಡಾ ಕ್ರೋಮಿಯಂ, ಒಂದು ಶೇಕಡಾದ ಆಸುಪಾಸು ಮಾಲಿಬ್ಡಿನಂ ಮತ್ತು ವೆನೇಡಿಯಂ. 1010ರಿಂದ 1020 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು ತಣಿಸಿದರೆ 63ರಿಂದ 64 ಬರಬೇಕು. 60 ಬಂತೆಂದರೆ ಎರಡು ಸಾಧ್ಯತೆ: ಶಾಖ ತೀರ ಕಡಿಮೆ, ಇಲ್ಲವೇ ತೀರ ಹೆಚ್ಚು. ಬಹಳ ಮಂದಿ ಮೊದಲನೆಯದನ್ನಷ್ಟೇ ನೆನೆದು ಶಾಖ ಏರಿಸುತ್ತಾರೆ. ಏರಿಸಿದಾಗ ಗಡಸು ಇನ್ನೂ ಇಳಿದರೆ ಉತ್ತರ ಸಿಕ್ಕಂತೆಯೇ: ಶಾಖ ಮೊದಲೇ ಮಿತಿ ಮೀರಿತ್ತು.

ಕಾರಣ ಇದು. ಶಾಖ ಏರಿದಷ್ಟೂ ಕಾರ್ಬೈಡ್ ಹೆಚ್ಚು ಕರಗಿ, ಆಸ್ಟೆನೈಟಿನೊಳಗೆ (ಕಾದ ಉಕ್ಕಿನ ಮೆತ್ತನೆಯ ರೂಪ) ಇಂಗಾಲವೂ ಕ್ರೋಮಿಯಮ್ಮೂ ಹೆಚ್ಚು ಸೇರುತ್ತವೆ. ಹಾಗೆ ಸೇರಿದಷ್ಟೂ ಆಸ್ಟೆನೈಟ್ ಮಾರ್ಟೆನ್ಸೈಟ್ (ತಣಿದಾಗ ಬರುವ ಗಡಸು ರೂಪ) ಆಗಿ ಬದಲಾಗತೊಡಗುವ ತಾಪಮಾನ ಕೆಳಗಿಳಿಯುತ್ತದೆ. ಕೋಣೆಯ ಉಷ್ಣತೆಗೆ ಬಂದರೂ ಬದಲಾವಣೆ ಮುಗಿದಿರುವುದಿಲ್ಲ, ಮೆತ್ತನೆಯ ಆಸ್ಟೆನೈಟ್ ಅಲ್ಲಲ್ಲೇ ಉಳಿದುಕೊಳ್ಳುತ್ತದೆ. ಈ ಉಳಿಕೆ ಆಸ್ಟೆನೈಟೇ ಮಡಚುವ ಬಾಯಿಗೂ ಉದುರದ ಎಳೆಗೂ ಮೂಲ.

ಎರಡನೆಯ ಗುಂಪಿನ ರೋಗ ಬೇರೆ. 520 ಡಿಗ್ರಿಯ ಟೆಂಪರ್ ಉಳಿಕೆ ಆಸ್ಟೆನೈಟನ್ನು ಅಸ್ಥಿರಗೊಳಿಸುತ್ತದೆ. ಆ ಟೆಂಪರಿನಿಂದ ತಣಿಯುವಾಗ ಅದು ಹೊಸ ಮಾರ್ಟೆನ್ಸೈಟ್ ಆಗುತ್ತದೆ. ಅಂಕಿ ಏರಿದ್ದು ಅದರಿಂದಲೂ. ಆದರೆ ಈ ಹೊಸ ಮಾರ್ಟೆನ್ಸೈಟಿಗೆ ಟೆಂಪರೇ ಆಗಿಲ್ಲ, ಗಾಜಿನಷ್ಟು ಪೆಡಸು. ಹೆಚ್ಚು ಶಾಖದ ಟೆಂಪರನ್ನು ಎರಡು ಸಲ, ಸಾಧ್ಯವಾದರೆ ಮೂರು ಸಲ ಮಾಡಿ ಎನ್ನುವುದು ಇದಕ್ಕೇ, ಶಾಸ್ತ್ರಕ್ಕಲ್ಲ. ಪ್ರತಿ ಸಲದ ನಡುವೆ ಅಲಗು ಕೋಣೆಯ ಉಷ್ಣತೆಗೆ ಇಳಿದಿರಬೇಕು.

ಹೀಗೆ ಒಂದು ಗುಂಪು 58, ಇನ್ನೊಂದು 60. ಕೊನೆಯ ಅಂಕಿ ನೋಡಿದರೆ ಎರಡನೆಯದೇ ಒಳ್ಳೆಯದು, ಕೆಲಸದಲ್ಲಿ ನೋಡಿದರೆ ಅದೇ ಹೆಚ್ಚು ಅಪಾಯದ್ದು. ರಾಕ್‌ವೆಲ್ ಯಂತ್ರ ಗಡಸನ್ನು ಹೇಳುತ್ತದೆ, ಆ ಗಡಸು ಯಾವ ದಾರಿಯಲ್ಲಿ ಬಂತೆಂದು ಹೇಳುವುದಿಲ್ಲ. ದಾರಿ ತಿಳಿಯಲು ಟೆಂಪರಿಗೆ ಮೊದಲಿನ ಅಂಕಿ ಬೇಕು. ಬಹಳ ಕಡೆ ಅದನ್ನು ಅಳೆಯುವುದೇ ಇಲ್ಲ.

ಕುಲುಮೆ ಎಷ್ಟು ಸುಳ್ಳು ಹೇಳುತ್ತಿತ್ತು?

ಬೇರೊಂದು ಥರ್ಮೊಕಪಲ್ಲನ್ನು (ತಾಪ ಅಳೆಯುವ ತಂತಿಜೋಡಿ) ಅಲಗು ಇಡುವ ಜಾಗಕ್ಕೇ ತಂದು ನೋಡಿದಾಗ ಪ್ರದರ್ಶಕದ 1010 ಅಲ್ಲಿ 1080ರ ಆಸುಪಾಸು. ಕುಲುಮೆಯ ಮೂಲ ಥರ್ಮೊಕಪಲ್ ದಪ್ಪ ಪಿಂಗಾಣಿ ಕೊಳವೆಯೊಳಗೆ, ಬಾಗಿಲಿನ ಪಕ್ಕದಲ್ಲಿ. ಅಲಗುಗಳು ಕಾಯುವ ಸುರುಳಿಗಳಿಗೆ ಎದುರು. ಎರಡಕ್ಕೂ ಕಾಣುವ ಶಾಖ ಒಂದೇ ಆಗಲು ಸಾಧ್ಯವಿಲ್ಲ. ಕೆ ಮಾದರಿಯ ಥರ್ಮೊಕಪಲ್ ಸಾವಿರ ಡಿಗ್ರಿಯ ಮೇಲೆ ಬಳಸಿದಷ್ಟೂ ದಾರಿ ತಪ್ಪುತ್ತದೆ, ಅದನ್ನು ಆಗಾಗ ಬದಲಿಸಲೇಬೇಕು.

ಎರಡನೆಯ ಥರ್ಮೊಕಪಲ್ ಇಲ್ಲದವರಿಗೆ ಒಂದು ಒರಟು ಉಪಾಯವಿದೆ. ಶುದ್ಧ ತಾಮ್ರ ಕರಗುವುದು 1085 ಡಿಗ್ರಿಯಲ್ಲಿ. ಗಾಳಿಯಲ್ಲಿ ಆಕ್ಸೈಡ್ ಬೆರೆತರೆ ಸುಮಾರು 1065ರಲ್ಲೇ ಕರಗತೊಡಗುತ್ತದೆ. ಪಿಂಗಾಣಿ ಬಿಲ್ಲೆಯ ಮೇಲೆ ತಾಮ್ರದ ತಂತಿಯ ತುಣುಕಿಟ್ಟು ಅಲಗಿನ ಜಾಗದಲ್ಲಿರಿಸಿ. ಪ್ರದರ್ಶಕ 1010 ತೋರಿಸುವಾಗ ಅದು ಕರಗಿ ಗುಂಡಾದರೆ ಅಲ್ಲಿ 1010 ಇಲ್ಲ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಇದು ಅಳತೆಗೋಲಲ್ಲ, ಸುಳ್ಳು ಹಿಡಿಯುವ ಸಾಧನವಷ್ಟೇ.

ಪ್ರತಿ ಕುಲುಮೆಗೂ ಅದೇ ಪಟ್ಟಿಯಿಂದ ಕತ್ತರಿಸಿದ ಒಂದು ತುಂಡು ಜೊತೆಗೆ ಹೋಗಬೇಕು. ತಣಿದ ಮೇಲೆ ಗಡಸು ಅಳೆದು, ಬಟ್ಟೆ ಸುತ್ತಿ, ಕನ್ನಡಕ ಹಾಕಿಕೊಂಡು, ಬಿಗಿಹಿಡಿಕೆಯಲ್ಲಿ (ವೈಸ್) ಕಚ್ಚಿಸಿ ಮುರಿಯಿರಿ. ಮುರಿದ ಮುಖ ಬೂದುಬಣ್ಣದ ರೇಷ್ಮೆಯಂತಿದ್ದರೆ ಸರಿ. ಸಕ್ಕರೆಯಂತೆ ಮಿನುಗಿದರೆ ಕಣ (ಉಕ್ಕಿನೊಳಗಿನ ಹರಳು) ದಪ್ಪವಾಗಿದೆ, ಅಲಗು ಮುಂದಕ್ಕೆ ಹೋಗಬಾರದು.

ಇಪ್ಪತ್ತು ಚಾಕುಗಳಲ್ಲಿ ಉಳಿದವು ಯಾವುವು

ಮತ್ತೆ ಕಾಯಿಸಿ ತಣಿಸಿದರಾಯಿತು ಎನ್ನುವುದು ಮೊದಲ ಯೋಚನೆ. ಒಮ್ಮೆ ಗಡಸಾದ ಡಿ2ವನ್ನು ಅನೀಲ್ ಮಾಡದೆ ಮತ್ತೆ ಕಾಯಿಸಿದರೆ ಕಣಗಳು ಒಂದು ದಪ್ಪ ಒಂದು ಸಣ್ಣವಾಗಿ ಬೆಳೆದು ಪೆಡಸಾಗುತ್ತದೆ. ಅನೀಲ್ ಎಂದರೆ 870ರಿಂದ 900 ಡಿಗ್ರಿಯಲ್ಲಿ ಹಿಡಿದು, ಗಂಟೆಗೆ ಹತ್ತು ಹದಿನೈದು ಡಿಗ್ರಿಯಂತೆ 650ರವರೆಗೆ ಇಳಿಸುವ ದೀರ್ಘ ಕೆಲಸ. ಅಷ್ಟರಲ್ಲಿ ಸಾಣೆಯಾದ ತೆಳು ಅಲಗು ಸೊಟ್ಟಗಾಗಿ, ಮೇಲ್ಮೈ ಇಂಗಾಲ ಕಳೆದುಕೊಂಡಿರುತ್ತದೆ. ಲಾಭವಿಲ್ಲ.

ಮೊದಲ ಗುಂಪಿಗೆ ಶೈತ್ಯ ಚಿಕಿತ್ಸೆಯೂ ತಡವಾಯಿತು. 200 ಡಿಗ್ರಿಯ ಟೆಂಪರ್ ಆದ ಮೇಲೆ ಉಳಿಕೆ ಆಸ್ಟೆನೈಟ್ ನೆಲೆಯೂರಿರುತ್ತದೆ, ದ್ರವ ಸಾರಜನಕದಲ್ಲಿ ಮುಳುಗಿಸಿದರೂ ಅಷ್ಟಾಗಿ ಬದಲಾಗದು. ಹಿಡಿ ಬಿಚ್ಚಿ, 515 ಡಿಗ್ರಿಯಲ್ಲಿ ಎರಡೆರಡು ಗಂಟೆ ಎರಡು ಸಲ ಟೆಂಪರ್ ಮಾಡುವುದೊಂದೇ ದಾರಿ. ಎರಡನೆಯ ಗುಂಪಿಗೆ 520ರಲ್ಲೇ ಇನ್ನೆರಡು ಸಲ. ಮೊದಲ ಗುಂಪು ಬಳಕೆಗೆ ಬರುತ್ತದೆ, ತುಕ್ಕಿಗೆ ಮಾತ್ರ ಮೊದಲಿಗಿಂತ ಬೇಗ ಸಿಗುತ್ತದೆ. ಎರಡನೆಯದರ ಪೆಡಸು ಕಡಿಮೆಯಾಗುತ್ತದಾದರೂ ಪ್ರದರ್ಶಕದ 1040 ನಿಜದಲ್ಲಿ 1100 ಮುಟ್ಟಿದಾಗ ಬೆಳೆದ ಕಣ ಮತ್ತೆ ಸಣ್ಣದಾಗುವುದಿಲ್ಲ. ಅವನ್ನು ಕೀಲು ಬಿಡಿಸುವ ಕೆಲಸಕ್ಕೆ ಕೊಡುವುದು ಸರಿಯಲ್ಲ.

ದಪ್ಪ ಬಾಯಿಯ ಭ್ರಮೆ

ಚಕ್ಕೆಗೆ ಹೆದರಿ 0.7 ಮಿ.ಮೀ. ದಪ್ಪ, 22 ಡಿಗ್ರಿ ಕೋನ ಇಟ್ಟಿದ್ದರು. ದಪ್ಪ ಬಾಯಿ ಹೊಸದಾಗಿದ್ದಾಗಲೇ ಕಷ್ಟಪಟ್ಟು ಕೊಯ್ಯುತ್ತದೆ, ತುಸು ದುಂಡಾದರೆ ಪೂರ್ತಿ ನಿಲ್ಲುತ್ತದೆ. ಕೊಯ್ಯದ ಚಾಕುವನ್ನು ಒತ್ತುತ್ತಾರೆ, ತಿರುಚುತ್ತಾರೆ, ಅದು ಜಾರಿ ಎಲುಬಿಗೆ ತಗಲುತ್ತದೆ. ಬಾಯಿ ಎಷ್ಟು ಹೊತ್ತು ನಿಲ್ಲುತ್ತದೆ ಎನ್ನುವುದರಲ್ಲಿ ಕೋನದ ಪಾಲು ಉಕ್ಕಿನ ಪಾಲಿಗಿಂತ ಕಡಿಮೆಯಲ್ಲ, ಹಲವು ಸಲ ಹೆಚ್ಚೇ. ಸರಿಯಾಗಿ ಹದವಾದ ಅಲಗಿಗೆ 0.35ರಿಂದ 0.4 ಮಿ.ಮೀ. ದಪ್ಪ, ಬದಿಗೆ 17 ಡಿಗ್ರಿ, ತುದಿಯಲ್ಲಿ ಎರಡು ಮೂರು ಎಳೆತದಷ್ಟು 20 ಡಿಗ್ರಿಯ ಸಣ್ಣ ಬಾಯಿ ಸಾಕು.

ಈಗ ಉಕ್ಕಿನ ಮಾತು

ಇಷ್ಟಾದ ಮೇಲೆಯೇ ಮುಂದಿನ ತಂಡಕ್ಕೆ ಯಾವ ಉಕ್ಕು ಎಂದು ಕೇಳಲು ಅರ್ಥವಿರುವುದು. ತೊಗಲು, ಮಾಂಸ ಉಕ್ಕನ್ನು ಸವೆಸುವುದು ಅತ್ಯಲ್ಪ. ಸವೆಸುವುದು ಕೂದಲಿಗೆ ಅಂಟಿದ ಮಣ್ಣು. ಕೆಸರಲ್ಲಿ ಹೊರಳುವ ಹಂದಿಯ ಮೈಮೇಲೆ ಅದಕ್ಕೆ ಬರವಿಲ್ಲ. ಮಣ್ಣಿನ ಕ್ವಾರ್ಟ್ಸ್ ಸುಮಾರು 1100 ವಿಕರ್ಸ್ (ಗಡಸಿನ ಇನ್ನೊಂದು ಅಳತೆ) ಗಡಸು. 60 ರಾಕ್‌ವೆಲ್ಲಿನ ಉಕ್ಕು ಸುಮಾರು 700. ಸಾದಾ ಉಕ್ಕಿನ ಸಿಮೆಂಟೈಟ್ (ಕಬ್ಬಿಣದ ಕಾರ್ಬೈಡ್) 1000ದ ಆಸುಪಾಸು, ಮರಳಿಗೆ ತುಸು ಸೋಲುತ್ತದೆ. ಕ್ರೋಮಿಯಂ ಕಾರ್ಬೈಡ್ 1500ರ ಮೇಲೆ, ವೆನೇಡಿಯಂ ಕಾರ್ಬೈಡ್ 2800ರ ಹತ್ತಿರ. ಚಾಕುಗಳ ಬಾಳಿಕೆ ಅಳೆಯುವ ಐಎಸ್‌ಒ 8442-5 ಪರೀಕ್ಷೆಯ ಕಾಗದದಲ್ಲಿ 5 ಶೇಕಡಾ ಸಿಲಿಕಾ ಬೆರೆಸಿರುತ್ತಾರೆ, ಮರಳೇ ಇಲ್ಲಿನ ಶತ್ರು ಎಂದು ಒಪ್ಪಿಕೊಂಡಂತೆಯೇ. 52100, ಒ1 ಮುಂತಾದ ಉಕ್ಕುಗಳು ಹದಕ್ಕೂ ಮಸೆಯಲೂ ಸುಲಭವಾದರೂ ಕೆಸರಿನ ತೊಗಲಿನಲ್ಲಿ ಹಿಂದೆ ಬೀಳುವುದು ಇದರಿಂದ.

ಲೆಕ್ಕದ ಪ್ರಕಾರ ಡಿ2 ಮರಳನ್ನು ಗೆಲ್ಲಬೇಕು, ಗೆಲ್ಲುತ್ತದೆ ಕೂಡ. ತೊಂದರೆ ಅದರ ಕಾರ್ಬೈಡಿನ ಗಾತ್ರದಲ್ಲಿದೆ. ಎರಕ ಹೊಯ್ದು ಉರುಳಿಸಿದ ಡಿ2ನಲ್ಲಿ 20, 30 ಮೈಕ್ರಾನಿನ ಕಾರ್ಬೈಡ್ ಸಾಮಾನ್ಯ. ಬದಿಗೆ 17 ಡಿಗ್ರಿಯ ಬಾಯಿಯಲ್ಲಿ ತುದಿಯಿಂದ 30 ಮೈಕ್ರಾನ್ ಮೇಲೆ ಅಲಗಿನ ದಪ್ಪ ಸುಮಾರು 18 ಮೈಕ್ರಾನ್ ಮಾತ್ರ. ಗೋಡೆಗಿಂತ ಕಲ್ಲೇ ದಪ್ಪ ಎಂದ ಹಾಗೆ. ಅಂಥ ಕಾರ್ಬೈಡ್ ಒಂದೋ ಒಡೆಯುತ್ತದೆ, ಇಲ್ಲವೇ ಕಿತ್ತುಬರುತ್ತದೆ, ಬಾಯಿಯಲ್ಲಿ ಹಳ್ಳ ಉಳಿಯುತ್ತದೆ. ಪುಡಿಲೋಹ ವಿಧಾನದಲ್ಲಿ ಕರಗಿದ ಉಕ್ಕನ್ನು ಅನಿಲದಿಂದ ಸಿಡಿಸಿ ಪುಡಿ ಮಾಡಿ, ಒತ್ತಿ ಗಟ್ಟಿಯಾಗಿಸುವುದರಿಂದ ಕಾರ್ಬೈಡ್ ಒಂದರಿಂದ ಮೂರು ಮೈಕ್ರಾನಿನಲ್ಲೇ ನಿಲ್ಲುತ್ತದೆ.

ಈ ವಿಧಾನದ 10ವಿಯಲ್ಲಿ ಸುಮಾರು 9.75 ಶೇಕಡಾ ವೆನೇಡಿಯಂ ಇದೆ. ಸವೆತಕ್ಕೆ ಅದರೆದುರು ನಿಲ್ಲುವವು ಕಡಿಮೆ. ಆದರೆ ತುಕ್ಕು ಹಿಡಿಯುತ್ತದೆ, ಎಲುಬಿನ ಏಟಿಗೆ ತಾಳಿಕೆ ಸಾಲದು, ಕಾಡಿನಲ್ಲಿ ಕಿಸೆಯ ಅಲ್ಯೂಮಿನಾ ಕಲ್ಲಿಗೆ ಬಗ್ಗುವುದಿಲ್ಲ. ಕಾಗದ ಕತ್ತರಿಸುವ ಯಂತ್ರಕ್ಕೆ ಅದು ಚಂದ. ಅದೇ ವಿಧಾನದ 3ವಿ ಉಕ್ಕು ಇದರ ಇನ್ನೊಂದು ತುದಿ: ಉತ್ಪಾದಕರ ಹಾಳೆಯಂತೆ 60 ರಾಕ್‌ವೆಲ್ಲಿನಲ್ಲಿ ಡಿ2 ಸುಮಾರು 28 ಜೂಲ್ ಏಟು ತಾಳಿದರೆ 3ವಿ 95ರಷ್ಟು ತಾಳುತ್ತದೆ, ಸವೆತದಲ್ಲೂ ಡಿ2ಗಿಂತ ಮುಂದೆ. ಎದೆಗೂಡನ್ನೂ ಅದೇ ಚಾಕುವಿನಿಂದ ಸೀಳುವವರಿಗೆ 59ರಿಂದ 60ರ 3ವಿಗಿಂತ ಒಳ್ಳೆಯದು ಹುಡುಕುವುದು ಕಷ್ಟ. ಅದರ ಕ್ರೋಮಿಯಂ 7.5 ಶೇಕಡಾ ಮಾತ್ರ. ರಕ್ತದ ಉಪ್ಪು ಹತ್ತಿದ ಅಲಗನ್ನು ರಾತ್ರಿಯಿಡೀ ಒರೆಯಲ್ಲಿಟ್ಟರೆ ಬೆಳಿಗ್ಗೆಗೆ ಚುಕ್ಕೆ ಎದ್ದಿರುತ್ತದೆ. ಡಿ2ನ 12 ಶೇಕಡಾ ನೋಡಿ ಅದು ತುಕ್ಕುನಿರೋಧಕ ಎಂದುಕೊಳ್ಳುವವರಿಗೂ ಅದೇ ಗತಿ, ಕ್ರೋಮಿಯಮ್ಮಿನ ದೊಡ್ಡ ಪಾಲು ಕಾರ್ಬೈಡಿನೊಳಗೇ ಸೆರೆಯಾಗಿರುತ್ತದೆ.

ಸುಲಿಯುವುದೇ ಮುಖ್ಯ, ಕೀಲು ಆಗಾಗ ಎನ್ನುವ ಈ ಚಾಕುವಿಗೆ ಆರಿಸಿದ್ದು ಮ್ಯಾಗ್ನಾಕಟ್. ಲೋಹತಜ್ಞ ಲ್ಯಾರಿನ್ ಥಾಮಸ್ ರೂಪಿಸಿದ ಈ ಉಕ್ಕು 2021ರಲ್ಲಿ ಬಂತು: ಇಂಗಾಲ 1.15, ಕ್ರೋಮಿಯಂ 10.7, ವೆನೇಡಿಯಂ 4, ನಿಯೋಬಿಯಂ 2, ಮಾಲಿಬ್ಡಿನಂ 2, ಸಾರಜನಕ 0.2 ಶೇಕಡಾ. ಹದವಾದ ಮೇಲೆ ಇದರಲ್ಲಿ ಕ್ರೋಮಿಯಂ ಕಾರ್ಬೈಡ್ ಉಳಿಯದಂತೆ ಲೆಕ್ಕಹಾಕಿದ್ದಾರೆ. ಹಾಗಾಗಿ ಕ್ರೋಮಿಯಂ ಬಹುಪಾಲು ತುಕ್ಕು ತಡೆಯಲು ಸಿಗುತ್ತದೆ, ಸವೆತವನ್ನು ಸಣ್ಣ ವೆನೇಡಿಯಂ, ನಿಯೋಬಿಯಂ ಕಾರ್ಬೈಡ್ ನೋಡಿಕೊಳ್ಳುತ್ತದೆ.

ಹದದ ಕ್ರಮ: ಅಲಗನ್ನು ಸ್ಟೇನ್‌ಲೆಸ್ ಹಾಳೆಯಲ್ಲಿ ಎರಡು ಮಡಿಕೆ ಹಾಕಿ ಮುಚ್ಚಿ, 1120 ಡಿಗ್ರಿಯಲ್ಲಿ 15ರಿಂದ 20 ನಿಮಿಷ. ಡಿ2ಗೆ ಬಳಸುತ್ತಿದ್ದ 321 ದರ್ಜೆಯ ಹಾಳೆ ಈ ಶಾಖಕ್ಕೆ ತಾಳದು, 309 ಬೇಕು. ಹೊರತೆಗೆದು ಹಾಳೆಯ ಸಮೇತ 25 ಮಿ.ಮೀ. ದಪ್ಪದ ಎರಡು ಅಲ್ಯೂಮಿನಿಯಂ ಫಲಕಗಳ ನಡುವೆ ಒತ್ತಿ ತಣಿಸುವುದು, ಸೊಟ್ಟವಾಗುವುದೂ ಇದರಿಂದಲೇ ತಪ್ಪುತ್ತದೆ. ಕೈಗೆ ತಣ್ಣಗಾದ ಒಂದು ಗಂಟೆಯೊಳಗೆ ದ್ರವ ಸಾರಜನಕ, ಅದಿಲ್ಲದಿದ್ದರೆ ಒಣಮಂಜು ಮತ್ತು ಆಲ್ಕೋಹಾಲ್, ಗಾಳಿಯಾಡುವ ಜಾಗದಲ್ಲಿ, ಬೆಂಕಿಯಿಂದ ದೂರ. ಮರುದಿನಕ್ಕೆ ಬಿಟ್ಟರೆ ಅರ್ಧ ಲಾಭ ಹೋಯಿತು. ಆಮೇಲೆ 175 ಡಿಗ್ರಿಯಲ್ಲಿ ಎರಡೆರಡು ಗಂಟೆ ಎರಡು ಟೆಂಪರ್. ಗುರಿ 62ರಿಂದ 63. ಅಂಕಿ ಬಾರದಿದ್ದರೆ 500 ಡಿಗ್ರಿಯ ಟೆಂಪರಿನ ಆಸೆಗೆ ಬೀಳಬಾರದು: ಆ ಶಾಖದಲ್ಲಿ ಕ್ರೋಮಿಯಂ ಮತ್ತೆ ಕಾರ್ಬೈಡಾಗಿ ಹೊರಬಿದ್ದು ತುಕ್ಕು ತಡೆಯುವ ಗುಣ ಹೋಗುತ್ತದೆ.

ಎಪ್ಪತ್ತು ಡಿಗ್ರಿ ಸುಳ್ಳು ಹೇಳುವ ಅದೇ ಕುಲುಮೆಯಲ್ಲಿ ಈ ದುಬಾರಿ ಉಕ್ಕನ್ನು ಹಾಕಿದ್ದರೆ 1190 ಮುಟ್ಟುತ್ತಿತ್ತು, ಉಳಿಕೆ ಆಸ್ಟೆನೈಟ್ ಮತ್ತೆ ತುಂಬಿಕೊಳ್ಳುತ್ತಿತ್ತು, ದೂರು ಮತ್ತೆ ಅದೇ ಬರುತ್ತಿತ್ತು. ಥರ್ಮೊಕಪಲ್ ಸರಿಪಡಿಸಿದ್ದು ಉಕ್ಕು ತರಿಸುವ ಮೊದಲು.

ಮಸೆಯಲು ವಜ್ರದ ಫಲಕ. ಅಲ್ಯೂಮಿನಾ ಸುಮಾರು 2000 ವಿಕರ್ಸ್. ಅದು ವೆನೇಡಿಯಂ ಕಾರ್ಬೈಡನ್ನು ಕೊರೆಯದೆ ಸುತ್ತಲಿನ ಉಕ್ಕನ್ನಷ್ಟೇ ತಿನ್ನುತ್ತದೆ, ನಯದ ಹಂತಕ್ಕೆ ಹೋದಷ್ಟೂ ಬಾಯಿ ಕೂರುವುದಿಲ್ಲ. ತೊಗಲಿಗೆ ಕನ್ನಡಿಯಂಥ ಬಾಯಿ ಬೇಕಿಲ್ಲ. 400ರಿಂದ 600ರ ವಜ್ರದಲ್ಲಿ ನಿಲ್ಲಿಸಿ, ಎಳೆ ಪೂರ್ತಿ ಉದುರಿಸಿ, ಸಣ್ಣ ಹಲ್ಲಿರುವ ಬಾಯಿ ಬಿಟ್ಟರೆ ಎಳೆದು ಕೊಯ್ಯಲು ಅದೇ ಮೇಲು.

ಮುಂದಿನ ತಂಡದಿಂದ ಪ್ರತಿ ಕುಲುಮೆಗೂ ಒಂದು ಚೀಟಿ: ಅಲಗಿನ ಜಾಗದ ತಾಪಮಾನ, ಹಿಡಿದ ನಿಮಿಷ, ಶೈತ್ಯಕ್ಕೆ ಹೋದ ಸಮಯ, ಟೆಂಪರಿಗೆ ಮೊದಲಿನ ಗಡಸು, ಟೆಂಪರಿನ ನಂತರದ ಗಡಸು, ಮುರಿದ ತುಂಡಿನ ಮುಖ ಹೇಗಿತ್ತು. ಪ್ರತಿ ತಂಡದಿಂದ ಒಂದು ಚಾಕುವಿನ ಬಾಯಿಯನ್ನು 6 ಮಿ.ಮೀ. ಹಿತ್ತಾಳೆ ಸರಳಿನ ಮೇಲೆ ಓರೆಯಾಗಿ ಒತ್ತಿ ಎಳೆಯುವುದು: ಬಾಯಿ ಬಾಗಿ ವಾಪಸ್ ಬಂದರೆ ಸರಿ, ಬಾಗಿದಲ್ಲೇ ನಿಂತರೆ ಮೆತ್ತಗೆ, ಮುರಿದರೆ ಪೆಡಸು. ಡಿ2 ಮತ್ತೆ ಬಳಸಿದ ದಿನ ಟೆಂಪರಿಗೆ ಮೊದಲು 63 ಬಾರದ ಗುಂಪು ಸಾಣೆಗೆ ಹೋಗುವಂತಿಲ್ಲ, ಟೆಂಪರಿನ ನಂತರ ಅಂಕಿ ಎಷ್ಟೇ ಚೆನ್ನಾಗಿರಲಿ.